ಸವಳು ಉಪ್ಪು

ಸವಳು ಉಪ್ಪು ಎಂಬುದು ಒಣಹವೆಯ ಪ್ರದೇಶಗಳಲ್ಲಿ ನೆಲದ ಮೇಲೆ ಬಿಳಿಯ ಹುಡಿಯಾಗಿ ಇಲ್ಲವೆ ತೆಳುವಾದ ಪದರವಾಗಿ ಕಾಣಿಸಿಕೊಳ್ಳುವ ಖನಿಜ ಲವಣಗಳ ಮಿಶ್ರಣ. ಇದರಲ್ಲಿ ಮುಖ್ಯವಾಗಿ ಸೋಡಿಯಂ ಕ್ಲೋರೈಡ್ (ಅಡುಗೆ ಉಪ್ಪು), ಸೋಡಿಯಂ ಸಲ್ಫೇಟ್ (ಗ್ಲೌಬರ್ ಲವಣ) ಮತ್ತು ಸೋಡಿಯಂ ಕಾರ್ಬೊನೇಟ್‌ಗಳು ಸೇರಿರುತ್ತವೆ. ಕರ್ನಾಟಕದಲ್ಲಿ ಕೊಪ್ಪಳ, ರಾಯಚೂರು ಮತ್ತು ಬಳ್ಳಾರಿ ಜಿಲ್ಲೆಗಳ ಬಯಲುಸೀಮೆಯಲ್ಲಿ ಸವಳು ನೆಲ ಹೆಚ್ಚು. ಹಿಂದೆ ಈ ಭಾಗದ ಉಪ್ಪಾರರು ಸವಳು ಮಣ್ಣನ್ನು ನೀರಿನಲ್ಲಿ ಕದಡಿ, ಸೋಸಿ, ಒಣಗಿಸಿ ಉಪ್ಪು ತೆಗೆಯುತ್ತಿದ್ದರು. ಇದೇ ಬಗೆಯ ನೆಲದ ಉಪ್ಪಿನಿಂದ ಬೇರ್ಪಡಿಸಿದ ಸೋಡಿಯಂ ಸಲ್ಫೇಟ್ ಚೀನಾದ ಸಾಂಪ್ರದಾಯಿಕ ವೈದ್ಯದಲ್ಲಿ ‘ಮಾಂಗ್‌ಶಿಯಾವೊ’ ಎಂಬ ಹೆಸರಿನಿಂದ ಭೇದಿ ಔಷಧವಾಗಿ ಬಳಕೆಯಲ್ಲಿದೆ. ಆಯುರ್ವೇದವು ನೆಲದಿಂದ ಹುಟ್ಟುವ ಉಪ್ಪನ್ನು ‘ಔದ್ಭಿದ ಲವಣ’ ಎಂದು ಗುರುತಿಸಿದೆ. ತುಂಗಭದ್ರಾ ಅಣೆಕಟ್ಟಿನ ನೀರು ಹರಿದ ಬಳಿಕ ಗಂಗಾವತಿ ಭಾಗದಲ್ಲಿ ಈ ಉಪ್ಪು ಕೃಷಿಯ ದೊಡ್ಡ ಸಮಸ್ಯೆಯಾಗಿ ಬೆಳೆದಿದೆ.

ಹೆಸರು

‘ಸವಳು’ ಎಂಬ ಪದಕ್ಕೆ ಉಪ್ಪಿನ ಅಂಶವುಳ್ಳ ಮಣ್ಣು, ಉಪ್ಪುಮಿಶ್ರಿತ ನೀರಿನ ರುಚಿ ಎಂಬ ಎರಡು ಅರ್ಥಗಳೂ ಬಳಕೆಯಲ್ಲಿವೆ. ಪ್ರದೇಶದಿಂದ ಪ್ರದೇಶಕ್ಕೆ ಸವುಳು, ಸೌಳು, ಚವಳು, ಚೌಳು ಎಂಬ ರೂಪಗಳು ಕೇಳಿಬರುತ್ತವೆ. ಬಾವಿಯ ನೀರು ಕುಡಿಯಲು ಹಿತವಲ್ಲದಿದ್ದರೆ ‘ಸವಳು ನೀರು’ ಎನ್ನುವುದುಂಟು. ಉಪ್ಪು ಏರಿದ ಹೊಲವನ್ನು ‘ಸವಳು ಭೂಮಿ’ ಎಂದೂ ನೀರು ಬಸಿಯದೆ ನಿಂತು ಕೆಟ್ಟ ಹೊಲವನ್ನು ‘ಜವಳು ಭೂಮಿ’ ಎಂದೂ ಕರೆಯುತ್ತಾರೆ. ಇವೆರಡು ದೋಷಗಳು ಸಾಮಾನ್ಯವಾಗಿ ಒಟ್ಟಿಗೇ ಕಾಣಿಸಿಕೊಳ್ಳುವುದರಿಂದ ‘ಸವಳು-ಜವಳು’ ಎಂಬ ಜೋಡುಪದ ರೂಢಿಗೆ ಬಂದಿದೆ. ಸಂಸ್ಕೃತದಲ್ಲಿ ಉಪ್ಪು ಮಣ್ಣಿಗೆ ‘ಊಷ’ ಎಂದೂ ಅಂಥ ನೆಲಕ್ಕೆ ‘ಊಷರ’ ಎಂದೂ ಹೆಸರು. ಮಣ್ಣಿನಿಂದ ತೆಗೆದ ಉಪ್ಪನ್ನು ಸಮುದ್ರದ ಉಪ್ಪಿನಿಂದ ಬೇರೆಯಾಗಿ ತೋರಿಸಲು ‘ಮಣ್ಣುಪ್ಪು’ ಎಂಬ ಹೆಸರೂ ಉಂಟು.

ರಾಸಾಯನಿಕ ಸ್ವರೂಪ

ಸವಳು ಉಪ್ಪು ಒಂದೇ ವಸ್ತುವಲ್ಲ. ಸ್ಥಳಕ್ಕೆ ತಕ್ಕಂತೆ ಅದರ ಘಟಕಗಳ ಪ್ರಮಾಣ ಬದಲಾಗುತ್ತದೆ. ತುಂಗಭದ್ರಾ ಬಯಲಿನ ಎರೆಮಣ್ಣಿನಲ್ಲಿ ಸೋಡಿಯಂ, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳ ಕ್ಲೋರೈಡ್ ಹಾಗೂ ಸಲ್ಫೇಟ್‌ಗಳು ಪ್ರಧಾನವಾಗಿವೆ. ಕಾರ್ಬೊನೇಟ್ ಹೆಚ್ಚಿರುವ ಮಣ್ಣು ಕ್ಷಾರಗುಣವುಳ್ಳದ್ದು. ನೀರಿನಲ್ಲಿ ಕದಡಿದಾಗ ಜಾರುತ್ತದೆ, ಕೊಳೆಯನ್ನು ಬಿಡಿಸುತ್ತದೆ. ಅಗಸರು ಬಟ್ಟೆ ಒಗೆಯಲು ಬಳಸುತ್ತಿದ್ದ ಸವಳು ಮಣ್ಣು ಈ ಬಗೆಯದು. ಗಾಜಿನ ಬಳೆ ತಯಾರಿಕೆಯಲ್ಲಿಯೂ ಇದೇ ಕ್ಷಾರ ಬೇಕಾಗುತ್ತಿತ್ತು. ಇಂದಿನ ಚಿತ್ರದುರ್ಗ ಜಿಲ್ಲೆಯ ಮತ್ತೋಡಿನಲ್ಲಿ ನಡೆಯುತ್ತಿದ್ದ ಬಳೆಗಾಜಿನ ಕೆಲಸವನ್ನು 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸಕಥನದಲ್ಲಿ ದಾಖಲಿಸಿದ್ದಾನೆ.

ಔಷಧದ ದೃಷ್ಟಿಯಿಂದ ಮುಖ್ಯವಾದ ಘಟಕ ಸೋಡಿಯಂ ಸಲ್ಫೇಟ್. ಇದು ಎರಡು ಮುಖ್ಯ ರೂಪಗಳಲ್ಲಿ ದೊರೆಯುತ್ತದೆ. ತಂಪಿನಲ್ಲಿ ಹರಳುಗಟ್ಟಿದಾಗ ಒಂದು ಅಣು ಲವಣದೊಡನೆ ಹತ್ತು ಅಣು ನೀರು ಸೇರಿ ಪಾರದರ್ಶಕವಾದ ಹರಳು ಉಂಟಾಗುತ್ತದೆ. ಇದಕ್ಕೆ ಖನಿಜಶಾಸ್ತ್ರದಲ್ಲಿ ಮಿರಾಬಿಲೈಟ್ ಎಂದೂ ಸಾಮಾನ್ಯ ಬಳಕೆಯಲ್ಲಿ ಗ್ಲೌಬರ್ ಲವಣ ಎಂದೂ ಹೆಸರು. ಇಂಥ 100 ಗ್ರಾಂ ಹರಳಿನಲ್ಲಿ ಸುಮಾರು 56 ಗ್ರಾಂ ನೀರೇ ಇರುತ್ತದೆ. ಒಣಗಾಳಿಗೆ ಒಡ್ಡಿದರೆ ಈ ನೀರು ಹಾರಿಹೋಗಿ ಹರಳು ಬಿಳಿಯ ಹುಡಿಯಾಗಿ ಉದುರುತ್ತದೆ. ನೀರಿಲ್ಲದ ಈ ರೂಪಕ್ಕೆ ಥೆನಾರ್ಡೈಟ್ ಎಂದು ಹೆಸರು.

ಈ ಲವಣದ ಒಂದು ವಿಶೇಷ ಗುಣವೆಂದರೆ ಅದರ ಕರಗುವಿಕೆ ಉಷ್ಣತೆಯೊಡನೆ ಬಹಳ ವೇಗವಾಗಿ ಬದಲಾಗುವುದು. 100 ಗ್ರಾಂ ನೀರಿನಲ್ಲಿ 0 ಡಿಗ್ರಿ ಸೆಲ್ಸಿಯಸ್‌ನಲ್ಲಿ 5 ಗ್ರಾಂನಷ್ಟೂ ಕರಗದ ಲವಣ, 32.4 ಡಿಗ್ರಿಯಲ್ಲಿ ಸುಮಾರು 50 ಗ್ರಾಂ ಕರಗುತ್ತದೆ. ಅದಕ್ಕಿಂತ ಹೆಚ್ಚು ಬಿಸಿ ಮಾಡಿದರೆ ಕರಗುವಿಕೆ ಹೆಚ್ಚುವುದರ ಬದಲು ಸ್ವಲ್ಪ ಇಳಿಯುತ್ತದೆ. ಅಡುಗೆ ಉಪ್ಪಿನ ಕರಗುವಿಕೆಯಾದರೋ ತಣ್ಣೀರಿನಲ್ಲಿಯೂ ಬಿಸಿನೀರಿನಲ್ಲಿಯೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಎರಡೂ ಕೂಡಿರುವ ದ್ರಾವಣವನ್ನು ತಂಪು ಮಾಡಿದರೆ ಗ್ಲೌಬರ್ ಲವಣ ಮೊದಲು ಹರಳುಗಟ್ಟುತ್ತದೆ. ಬಿಸಿಲಿನಲ್ಲಿ ಒಣಗಿಸಿದರೆ ಇಲ್ಲವೆ ಕುದಿಸಿದರೆ ಅಡುಗೆ ಉಪ್ಪು ಮೊದಲು ಹೊರಬೀಳುತ್ತದೆ. ಒಂದೇ ಬಗೆಯ ಮಣ್ಣಿನಿಂದ ಚೀನೀಯರು ಔಷಧವನ್ನೂ ಬಯಲುಸೀಮೆಯ ಉಪ್ಪಾರರು ಅಡುಗೆ ಉಪ್ಪನ್ನೂ ಪಡೆಯಲು ಸಾಧ್ಯವಾದದ್ದು ಈ ವ್ಯತ್ಯಾಸದಿಂದ.

ನೆಲದಲ್ಲಿ ಉಂಟಾಗುವ ಬಗೆ

ಬಂಡೆಗಳು ಶಿಥಿಲವಾಗುವಾಗ ಅವುಗಳಲ್ಲಿನ ಸೋಡಿಯಂ, ಕ್ಯಾಲ್ಸಿಯಂ ಮುಂತಾದ ಧಾತುಗಳು ಕರಗುವ ರೂಪಕ್ಕೆ ಬರುತ್ತವೆ. ಹೆಚ್ಚು ಮಳೆಯ ಮಲೆನಾಡಿನಲ್ಲಿ ಈ ಲವಣಗಳು ನೀರಿನೊಡನೆ ಹೊಳೆ ಸೇರಿ ಸಮುದ್ರಕ್ಕೆ ಹೋಗುತ್ತವೆ. ಕೊಪ್ಪಳ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್ ಮಾತ್ರ. ಬಿಸಿಲಿಗೆ ಆವಿಯಾಗಬಲ್ಲ ನೀರು ಅದಕ್ಕಿಂತ ಬಹುಪಾಲು ಹೆಚ್ಚು. ಹೀಗಾಗಿ ಲವಣ ಪೂರ್ತಿಯಾಗಿ ತೊಳೆದುಹೋಗದೆ ಮಣ್ಣಿನ ಕೆಳಪದರದಲ್ಲಿ ಉಳಿಯುತ್ತದೆ.

ಜಿಲ್ಲೆಯ ಮಣ್ಣಿನಲ್ಲಿ ಎರಡು ಮುಖ್ಯ ಬಗೆಗಳಿವೆ. ಕಣಶಿಲೆಯಿಂದಾದ ಮಸಾರಿ ಮಣ್ಣಿನಲ್ಲಿ ನೀರು ಬೇಗ ಇಂಗುತ್ತದೆ. ಉಪ್ಪು ನಿಲ್ಲುವುದು ಕಡಿಮೆ. ಯಲಬುರ್ಗಾ, ಕುಷ್ಟಗಿ ಹಾಗೂ ಗಂಗಾವತಿಯ ತಗ್ಗಿನ ಭಾಗಗಳಲ್ಲಿರುವ ಎರೆಮಣ್ಣಿನಲ್ಲಿ ಜೇಡಿಯ ಅಂಶ ಹೆಚ್ಚು. ಒದ್ದೆಯಾದಾಗ ಅದು ಉಬ್ಬಿ ಮುಚ್ಚಿಕೊಳ್ಳುವುದರಿಂದ ನೀರು ಕೆಳಗಿಳಿಯುವುದು ನಿಧಾನ. ತಗ್ಗು ಹೊಲಗಳಲ್ಲಿ, ಹಳ್ಳದ ದಂಡೆಗಳಲ್ಲಿ, ಕೆರೆಯ ಏರಿಯ ಕೆಳಗೆ ನೀರು ಮೇಲ್ಮೈಗೆ ಹತ್ತಿರವಿದ್ದಾಗ ಮಣ್ಣಿನ ಸಣ್ಣ ರಂಧ್ರಗಳ ಮೂಲಕ ಅದು ಮೇಲೇರುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವಂತೆಯೇ ಈ ಕ್ರಿಯೆ ನಡೆಯುತ್ತದೆ. ಮೇಲೆ ಬಂದ ನೀರು ಆವಿಯಾಗುತ್ತದೆ. ಅದರಲ್ಲಿ ಕರಗಿದ್ದ ಲವಣ ನೆಲದ ಮೇಲೆ ಉಳಿಯುತ್ತದೆ. ಮಳೆಗಾಲ ಮುಗಿದು ನೆಲ ಒಣಗತೊಡಗಿದಾಗ, ಮುಖ್ಯವಾಗಿ ಚಳಿಗಾಲದಿಂದ ಬೇಸಗೆಯವರೆಗೆ, ಬಿಳಿಯ ಪದರ ಎದ್ದು ಕಾಣುತ್ತದೆ. ಮಳೆ ಬಿದ್ದ ಕೂಡಲೆ ಅದು ಕರಗಿ ಮಣ್ಣಿನೊಳಕ್ಕೆ ಮರಳುತ್ತದೆ.

ಹಳೆಯ ಮಣ್ಣಿನ ಗೋಡೆಗಳ ಬುಡದಲ್ಲಿ ಉಪ್ಪು ಹೂವಿನಂತೆ ಅರಳಿ ಗಿಲಾವು ಉದುರುವುದಕ್ಕೂ ಇದೇ ಕಾರಣ. ಸೋಡಿಯಂ ಸಲ್ಫೇಟ್ ನೀರನ್ನು ಹೀರಿ ಹರಳಾಗುವಾಗ ಅದರ ಗಾತ್ರ ಮೂರು ಪಟ್ಟಿಗೂ ಹೆಚ್ಚಾಗುತ್ತದೆ. ರಂಧ್ರದೊಳಗೆ ಹೀಗೆ ಬೆಳೆಯುವ ಹರಳು ಇಟ್ಟಿಗೆಯನ್ನೂ ಕಲ್ಲನ್ನೂ ಒಳಗಿನಿಂದ ಸೀಳುತ್ತದೆ.

ಉಪ್ಪಾರರು ಮತ್ತು ಉಪ್ಪಿನ ತಯಾರಿಕೆ

ಸಮುದ್ರದಿಂದ ದೂರವಿರುವ ಬಯಲುಸೀಮೆಗೆ ರಸ್ತೆ, ರೈಲು ಇಲ್ಲದ ಕಾಲದಲ್ಲಿ ಕರಾವಳಿಯ ಉಪ್ಪು ಎತ್ತಿನ ಹೇರಿನ ಮೇಲೆ ಬರಬೇಕಾಗಿತ್ತು. ಬಡವರ ಮನೆಗೆ, ದನಕರುಗಳ ಮೇವಿಗೆ, ಚರ್ಮ ಹದಮಾಡುವ ಕೆಲಸಕ್ಕೆ ಸ್ಥಳೀಯವಾದ ಮಣ್ಣುಪ್ಪೇ ಆಧಾರವಾಗಿತ್ತು. ಇದನ್ನು ತಯಾರಿಸುತ್ತಿದ್ದವರು ಉಪ್ಪಾರರು. ‘ಉಪ್ಪು’ ಎಂಬ ಪದದಿಂದಲೇ ಈ ಸಮುದಾಯಕ್ಕೆ ಹೆಸರು ಬಂದಿದೆ. ಉಪ್ಪಲಿಗ, ಸಗರ, ಮೇಲುಸಕ್ಕರೆಯವರು ಮುಂತಾದ ಹೆಸರುಗಳೂ ಇವರಿಗುಂಟು. ಗಂಗೆಯನ್ನು ಭೂಮಿಗೆ ತಂದ ಭಗೀರಥನನ್ನು ಸಮುದಾಯದ ಮೂಲಪುರುಷನೆಂದು ಗೌರವಿಸಲಾಗುತ್ತದೆ. ಎಡ್ಗರ್ ಥರ್ಸ್ಟನ್‌ನು 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಕುರಿತ ಏಳು ಸಂಪುಟಗಳ ಗ್ರಂಥದಲ್ಲಿ ಉಪ್ಪಾರರ ವಿವರಗಳಿವೆ.

ತಯಾರಿಕೆಯ ಕ್ರಮ ಹೀಗಿತ್ತು. ಬೇಸಗೆಯಲ್ಲಿ ನೆಲದ ಮೇಲೆದ್ದ ಬಿಳಿಯ ಪದರವನ್ನು ಮಣ್ಣಿನ ಸಹಿತ ಕೆರೆದು ಗುಡ್ಡೆ ಹಾಕಲಾಗುತ್ತಿತ್ತು. ಬದಿಯಲ್ಲಿ ಸೋಸುವ ಗುಂಡಿಗಳನ್ನು ಕಟ್ಟಿ, ತಳದಲ್ಲಿ ಕಡ್ಡಿ ಮತ್ತು ಹುಲ್ಲನ್ನು ಹಾಸಿ, ಅದರ ಮೇಲೆ ಸವಳು ಮಣ್ಣನ್ನು ತುಂಬಿ ನೀರು ಸುರಿಯುತ್ತಿದ್ದರು. ಮಣ್ಣಿನ ಮೂಲಕ ಇಳಿದ ನೀರು ಉಪ್ಪನ್ನು ಕರಗಿಸಿಕೊಂಡು ಕೆಳಗಿನ ಪಾತ್ರೆ ಅಥವಾ ಕುಣಿಗೆ ಬೀಳುತ್ತಿತ್ತು. ದ್ರಾವಣ ಸಾಕಷ್ಟು ಗಾಢವಾಗದಿದ್ದರೆ ಅದನ್ನೇ ಹೊಸ ಮಣ್ಣಿನ ಮೇಲೆ ಮತ್ತೆ ಸುರಿಯಲಾಗುತ್ತಿತ್ತು. ಬಳಿಕ ಗಾರೆ ಬಳಿದ ಆಳವಿಲ್ಲದ ಮಡಿಗಳಲ್ಲಿ ಹರಡಿ ಬಿಸಿಲಿಗೆ ಒಣಗಿಸುತ್ತಿದ್ದರು. ಕೆಲವೆಡೆ ಕುದಿಸಿ ಗಟ್ಟಿ ಮಾಡುತ್ತಿದ್ದರು. ಉಪ್ಪು ಹರಳುಗಟ್ಟಿದ ಮೇಲೆ ಉಳಿಯುವ ಕಹಿಯಾದ ದ್ರಾವಣವನ್ನು ಚೆಲ್ಲಲಾಗುತ್ತಿತ್ತು. ಸೋಡಿಯಂ ಮತ್ತು ಮೆಗ್ನೀಸಿಯಂ ಸಲ್ಫೇಟ್‌ಗಳು ಬಹುಪಾಲು ಇದರಲ್ಲಿ ಉಳಿಯುತ್ತಿದ್ದವು. ಚೆಲ್ಲದೆ ಪೂರ್ತಿ ಒಣಗಿಸಿದರೆ ಉಪ್ಪು ಕಹಿಯಾಗುತ್ತಿತ್ತು. ತಿಂದವರಿಗೆ ಹೊಟ್ಟೆ ಕೆಡುತ್ತಿತ್ತು. ಯಾವ ಹಂತದಲ್ಲಿ ನಿಲ್ಲಿಸಬೇಕು ಎಂಬ ತಿಳಿವಳಿಕೆಯೇ ಈ ಕಸುಬಿನ ಮುಖ್ಯ ಕೌಶಲವಾಗಿತ್ತು. ಉಪ್ಪು ತೆಗೆದ ಬಳಿಕ ಉಳಿದ ಮಣ್ಣು ವರ್ಷ ವರ್ಷವೂ ಒಂದೇ ಕಡೆ ಬಿದ್ದು ದಿಬ್ಬವಾಗುತ್ತಿತ್ತು.

ಹಳೆಯ ಊರುಗಳ ಹಾಳುಮಣ್ಣು, ದನದ ಕೊಟ್ಟಿಗೆಗಳ ಮಣ್ಣು ಮುಂತಾದವುಗಳಿಂದ ಇದೇ ಕ್ರಮದಲ್ಲಿ ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್) ಸಹ ತೆಗೆಯಲಾಗುತ್ತಿತ್ತು. ಅದು ಮದ್ದುಗುಂಡಿನ ತಯಾರಿಕೆಗೆ ಅಗತ್ಯವಾದ ವಸ್ತು.

ಉಪ್ಪಿನ ಕರ ಮತ್ತು ಕಸುಬಿನ ಅಳಿವು

ತುಂಗಭದ್ರೆಯ ದಕ್ಷಿಣದ ಬಳ್ಳಾರಿ ಸೀಮೆ 1800ರಲ್ಲಿ ಬ್ರಿಟಿಷರ ವಶಕ್ಕೆ ಬಂದು ಮದ್ರಾಸ್ ಪ್ರಾಂತಕ್ಕೆ ಸೇರಿತು. ಉತ್ತರದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪ್ರದೇಶಗಳು ಹೈದರಾಬಾದಿನ ನಿಜಾಮನ ಆಳ್ವಿಕೆಯಲ್ಲಿ ಉಳಿದವು. ಮದ್ರಾಸ್ ಪ್ರಾಂತದಲ್ಲಿ 1805ರಲ್ಲಿ ಉಪ್ಪಿನ ಮೇಲೆ ಸರಕಾರದ ಏಕಸ್ವಾಮ್ಯ ಸ್ಥಾಪನೆಯಾಯಿತು. ಕರಾವಳಿಯ ಉಪ್ಪಿಗೆ ತೆರಿಗೆ ಹಾಕಿದಂತೆ ಒಳನಾಡಿನ ನೂರಾರು ಸಣ್ಣ ಗುಂಡಿಗಳ ಮೇಲೆ ನಿಗಾ ಇಡುವುದು ಸುಲಭವಾಗಿರಲಿಲ್ಲ. ಮಣ್ಣುಪ್ಪಿನಲ್ಲಿ ಕಲ್ಮಷವಿದೆ ಎಂಬುದು ಅಧಿಕಾರಿಗಳ ಒಂದು ವಾದವಾಗಿತ್ತು. ತೆರಿಗೆ ಕೈತಪ್ಪುತ್ತದೆ ಎಂಬುದು ಇನ್ನೊಂದು ಕಾರಣ. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಪ್ರಾಂತದೊಳಗೆ ಮಣ್ಣುಪ್ಪಿನ ತಯಾರಿಕೆಯನ್ನು ನಿಲ್ಲಿಸಲಾಯಿತು.

1880ರ ದಶಕದಲ್ಲಿ ಬಳ್ಳಾರಿಯಿಂದ ಹೊಸಪೇಟೆ, ಕೊಪ್ಪಳಗಳ ಮೂಲಕ ಗದಗಕ್ಕೆ ರೈಲುಮಾರ್ಗ ಬಂದುದರಿಂದ ಸಮುದ್ರದ ಉಪ್ಪು ನದಿಯ ಉತ್ತರಕ್ಕೂ ಸುಲಭವಾಗಿ ತಲುಪತೊಡಗಿತು. ಕಾನೂನು ಒಂದು ದಂಡೆಯಲ್ಲಿಯೂ ಪೇಟೆಯ ಪೈಪೋಟಿ ಎರಡೂ ದಂಡೆಗಳಲ್ಲಿಯೂ ಈ ಕಸುಬನ್ನು ಕುಗ್ಗಿಸಿದವು. ಉಪ್ಪಾರರು ಕೆರೆ-ಬಾವಿ ತೋಡುವುದು, ಮಣ್ಣಿನ ಕೆಲಸ, ಕಟ್ಟಡ ಕೆಲಸ, ಸುಣ್ಣ ಸುಡುವುದು ಮತ್ತು ಬೇಸಾಯದ ಕಡೆಗೆ ತಿರುಗಿದರು.

1930ರ ಉಪ್ಪಿನ ಸತ್ಯಾಗ್ರಹದ ಕಾಲದಲ್ಲಿ ಕರ್ನಾಟಕದ ಮುಖ್ಯ ಕೇಂದ್ರ ಕರಾವಳಿಯ ಅಂಕೋಲೆಯಾಗಿತ್ತು. ಮರುವರ್ಷದ ಗಾಂಧಿ–ಇರ್ವಿನ್ ಒಪ್ಪಂದವು ಉಪ್ಪು ದೊರೆಯುವ ಪ್ರದೇಶಗಳ ಹಳ್ಳಿಗರಿಗೆ ಮನೆಬಳಕೆಗಾಗಿ ಉಪ್ಪು ತೆಗೆದುಕೊಳ್ಳುವ ಅವಕಾಶ ನೀಡಿತು. ಉಪ್ಪಿನ ಕರ 1947ರಲ್ಲಿ ರದ್ದಾಯಿತು. ಆ ವೇಳೆಗೆ ಮಣ್ಣುಪ್ಪಿನ ಕಸುಬು ಬಹುಪಾಲು ಅಳಿದಿತ್ತು.

ಔಷಧವಾಗಿ ಬಳಕೆ

ಚೀನೀ ವೈದ್ಯದಲ್ಲಿ

ಚೀನಾದ ಸಾಂಪ್ರದಾಯಿಕ ವೈದ್ಯದಲ್ಲಿ ಸವಳು ನೆಲದ ಲವಣಗಳಿಗೆ ಪ್ರಾಚೀನ ಸ್ಥಾನವಿದೆ. ಅಲ್ಲಿಯ ಅತಿ ಹಳೆಯ ಔಷಧ ಗ್ರಂಥವಾದ ‘ಶೆನ್‌ನಾಂಗ್ ಬೆನ್‌ಸಾವೊ ಜಿಂಗ್’ನಲ್ಲಿಯೇ ‘ಶಿಯಾವೊ’ ಎಂಬ ಗುಂಪಿನ ಲವಣಗಳ ಉಲ್ಲೇಖವಿದೆ. ನೆಲದಿಂದ ಕೆರೆದ ಲವಣವನ್ನು ಬಿಸಿನೀರಿನಲ್ಲಿ ಕರಗಿಸಿ, ಸೋಸಿ, ತಣ್ಣಗಾಗಲು ಬಿಟ್ಟರೆ ದೊರೆಯುವ ಒರಟು ಹರಳು ‘ಪೋಶಿಯಾವೊ’. ಅದನ್ನು ಮೂಲಂಗಿಯ ಹೋಳುಗಳೊಡನೆ ಮತ್ತೆ ಕುದಿಸಿ, ಸೋಸಿ, ತಂಪು ಮಾಡಿ ಪಡೆದ ಶುದ್ಧ ಹರಳು ‘ಮಾಂಗ್‌ಶಿಯಾವೊ’. ‘ಮಾಂಗ್’ ಎಂದರೆ ಧಾನ್ಯದ ತೆನೆಯ ತುದಿಯ ಮುಳ್ಳು. ಹರಳುಗಳು ಸೂಜಿಯಂತೆ ಬೆಳೆಯುವುದರಿಂದ ಈ ಹೆಸರು. ಹರಳನ್ನು ಗಾಳಿಗೆ ಒಡ್ಡಿ ನೀರಿನ ಅಂಶ ಹೋಗಿಸಿದಾಗ ಉಳಿಯುವ ಬಿಳಿಯ ಹುಡಿ ‘ಶ್ವಾನ್‌ಮಿಂಗ್‌ಫೆನ್’.

ಚೀನೀ ವೈದ್ಯರು ಮಾಂಗ್‌ಶಿಯಾವೊವನ್ನು ಉಪ್ಪು-ಕಹಿ ರಸವುಳ್ಳ, ಶೀತಗುಣದ ಔಷಧವೆಂದು ವರ್ಗೀಕರಿಸುತ್ತಾರೆ. ಗಟ್ಟಿಯಾದುದನ್ನು ಮೃದುಗೊಳಿಸಿ ಹೊರಹಾಕುವುದು ಅದರ ಮುಖ್ಯ ಕಾರ್ಯವೆಂದು ಭಾವಿಸಲಾಗಿದೆ. ಹಾನ್ ವಂಶದ ಕೊನೆಯ ಕಾಲದಲ್ಲಿದ್ದ ವೈದ್ಯ ಜಾಂಗ್ ಜೋಂಗ್‌ಜಿಂಗ್‌ನ ‘ಶಾಂಗ್‌ಹಾನ್ ಲುನ್’ ಗ್ರಂಥದಲ್ಲಿರುವ ‘ದಾ ಚೆಂಗ್ ಚಿ’ ಕಷಾಯದಲ್ಲಿ ರೇವಲ್‌ಚಿನ್ನಿ ಬೇರಿನ ಜೊತೆಗೆ ಇದನ್ನು ಸೇರಿಸಲಾಗುತ್ತದೆ. ಜ್ವರದೊಡನೆ ತೀವ್ರ ಮಲಬದ್ಧತೆ ಇದ್ದಾಗ ಈ ಕಷಾಯವನ್ನು ಹೇಳಲಾಗಿದೆ. ಲವಣವನ್ನು ಇತರ ಮೂಲಿಕೆಗಳೊಡನೆ ಕುದಿಸದೆ, ಸೋಸಿದ ಬಿಸಿ ಕಷಾಯದಲ್ಲಿ ಕೊನೆಗೆ ಕರಗಿಸುವುದು ರೂಢಿ. ಚೀನಾದ ಅಧಿಕೃತ ಔಷಧ ಸಂಹಿತೆಯಲ್ಲಿ ಸೂಚಿಸಿರುವ ಪ್ರಮಾಣ 6ರಿಂದ 12 ಗ್ರಾಂ. ಗರ್ಭಿಣಿಯರಿಗೆ ನಿಷಿದ್ಧ, ಗಂಧಕದೊಡನೆ ಕೂಡಿಸಬಾರದೆಂಬ ನಿಯಮವೂ ಇದೆ.

ಹೊರಬಳಕೆಯಲ್ಲಿ ಬಾವು, ಮೂಲವ್ಯಾಧಿ ಹಾಗೂ ಬಾಣಂತಿಯರ ಎದೆಬಾವಿಗೆ ಇದನ್ನು ಬಟ್ಟೆಯಲ್ಲಿ ಕಟ್ಟಿ ಇಡಲಾಗುತ್ತದೆ. ಬಾಯಿಹುಣ್ಣು ಮತ್ತು ಗಂಟಲುನೋವಿಗೆ ಬಳಸುವ ‘ಬಿಂಗ್ ಪೆಂಗ್’ ಚೂರ್ಣದಲ್ಲಿ ಶ್ವಾನ್‌ಮಿಂಗ್‌ಫೆನ್, ಬಿಳಿಗಾರ, ಪಚ್ಚಕರ್ಪೂರ ಮತ್ತು ಇಂಗಳೀಕ ಸೇರುತ್ತವೆ. ಇಂಗಳೀಕವು ಪಾದರಸದ ಸಂಯುಕ್ತವಾದುದರಿಂದ ಇದು ಎಚ್ಚರಿಕೆಗೆ ಒಳಪಟ್ಟ ಔಷಧ. ಕಲ್ಲಂಗಡಿ ಹಣ್ಣಿನೊಳಗೆ ಮಾಂಗ್‌ಶಿಯಾವೊ ತುಂಬಿ ತಂಪಾದ ಗಾಳಿಯಲ್ಲಿ ತೂಗುಹಾಕಿದರೆ ಕೆಲವು ದಿನಗಳಲ್ಲಿ ಹೊರಮೈ ಮೇಲೆ ಬಿಳಿಯ ಹುಡಿ ಮೂಡುತ್ತದೆ. ಇದನ್ನು ಕೆರೆದು ‘ಕಲ್ಲಂಗಡಿಯ ಮಂಜು’ ಎಂಬ ಅರ್ಥದ ‘ಶೀಗ್ವಾಶ್ವಾಂಗ್’ ಎಂಬ ಗಂಟಲಿನ ಔಷಧವಾಗಿ ಬಳಸುತ್ತಾರೆ. ನೆಲದ ಮೇಲೆ ಸವಳು ಮೂಡುವ ಕ್ರಿಯೆಯೇ ಇಲ್ಲಿ ಹಣ್ಣಿನ ಸಿಪ್ಪೆಯ ಮೇಲೆ ನಡೆಯುತ್ತದೆ.

ನೋಡಲು ಒಂದೇ ಬಗೆಯಾಗಿರುವ ಪೆಟ್ಲುಪ್ಪು ಮತ್ತು ಗ್ಲೌಬರ್ ಲವಣಗಳನ್ನು ಬೇರ್ಪಡಿಸಿ ಗುರುತಿಸುವುದು ಪ್ರಾಚೀನರಿಗೆ ಕಷ್ಟವಾಗಿತ್ತು. ತಾವೊ ಹೊಂಗ್‌ಜಿಂಗ್ (456–536) ಎಂಬ ವಿದ್ವಾಂಸ ಬೆಂಕಿಗೆ ಹಾಕಿ ನೋಡುವ ಪರೀಕ್ಷೆಯನ್ನು ವಿವರಿಸಿದ್ದಾನೆ. ನೇರಳೆ ಬಣ್ಣದ ಉರಿ ಕೊಡುವುದು ಪೆಟ್ಲುಪ್ಪು. 16ನೆಯ ಶತಮಾನದ ಲಿ ಶಿಜೆನ್ ತನ್ನ ‘ಬೆನ್‌ಸಾವೊ ಗಾಂಗ್‌ಮು’ ಗ್ರಂಥದಲ್ಲಿ ಇವನ್ನು ‘ಬೆಂಕಿಯ ಶಿಯಾವೊ’ ಮತ್ತು ‘ನೀರಿನ ಶಿಯಾವೊ’ ಎಂದು ಸ್ಪಷ್ಟವಾಗಿ ವಿಂಗಡಿಸಿದನು.

ಆಯುರ್ವೇದದಲ್ಲಿ

ಚರಕ ಸಂಹಿತೆಯು ಸೌವರ್ಚಲ, ಸೈಂಧವ, ವಿಡ, ಔದ್ಭಿದ ಮತ್ತು ಸಾಮುದ್ರ ಎಂಬ ಐದು ಲವಣಗಳನ್ನು ಹೇಳುತ್ತದೆ. ಇವುಗಳಲ್ಲಿ ಔದ್ಭಿದ ಎಂದರೆ ನೆಲವನ್ನು ಒಡೆದು ಮೇಲೆ ಬಂದದ್ದು. ಸುಶ್ರುತ ಸಂಹಿತೆಯ ‘ಊಷಕಾದಿ ಗಣ’ದಲ್ಲಿ ಊಷಕ (ಕ್ಷಾರ ಮಣ್ಣು), ಸೈಂಧವ, ಶಿಲಾಜತು, ಕಾಸೀಸ, ಇಂಗು ಮತ್ತು ತುತ್ಥಗಳು ಬರುತ್ತವೆ. ಕಫ ಮತ್ತು ಮೇದಸ್ಸನ್ನು ಕುಗ್ಗಿಸಲು, ಮೂತ್ರಾಶಯದ ಕಲ್ಲು, ಮೂತ್ರಕೃಚ್ಛ್ರ ಮತ್ತು ಗುಲ್ಮಗಳಲ್ಲಿ ಈ ಗಣ ಉಪಯುಕ್ತವೆಂದು ಹೇಳಿದೆ. ಲವಣಗಳ ನಿತ್ಯಬಳಕೆಗೆ ಆಯುರ್ವೇದವು ಸೈಂಧವವನ್ನೇ ಶ್ರೇಷ್ಠವೆಂದು ಪರಿಗಣಿಸುತ್ತದೆ.

ಯೂರೋಪಿನಲ್ಲಿ ಮತ್ತು ಆಧುನಿಕ ವೈದ್ಯದಲ್ಲಿ

ಜರ್ಮನ್ ರಸಾಯನಜ್ಞ ಯೋಹಾನ್ ರುಡಾಲ್ಫ್ ಗ್ಲೌಬರ್ (1604–1670) 17ನೆಯ ಶತಮಾನದಲ್ಲಿ ಈ ಲವಣವನ್ನು ಒಂದು ಚಿಲುಮೆಯ ನೀರಿನಲ್ಲಿ ಕಂಡುಕೊಂಡನು. ಅಡುಗೆ ಉಪ್ಪು ಮತ್ತು ಗಂಧಕಾಮ್ಲದಿಂದ ಇದನ್ನು ತಯಾರಿಸಿ ‘ಅದ್ಭುತ ಲವಣ’ ಎಂಬ ಅರ್ಥದ ಲ್ಯಾಟಿನ್ ಹೆಸರಿಟ್ಟನು. ಭೇದಿ ಔಷಧವಾಗಿ ಅದು ಎರಡು ಶತಮಾನಗಳಿಗೂ ಹೆಚ್ಚು ಕಾಲ ಪ್ರಚಲಿತವಾಗಿತ್ತು. ಇಂದು ದೊಡ್ಡಕರುಳಿನ ದರ್ಶಕ ಪರೀಕ್ಷೆಗೆ ಮುನ್ನ ಕರುಳನ್ನು ತೊಳೆಯಲು ಕೊಡುವ ಪಾಲಿಎಥಿಲೀನ್ ಗ್ಲೈಕಾಲ್ ದ್ರಾವಣಗಳಲ್ಲಿ ಸೋಡಿಯಂ ಸಲ್ಫೇಟ್ ಒಂದು ಘಟಕ.

ಕಾರ್ಯವಿಧಾನ

ಸಲ್ಫೇಟ್ ಅಯಾನು ಕರುಳಿನಿಂದ ರಕ್ತಕ್ಕೆ ಸುಲಭವಾಗಿ ಹೀರಲ್ಪಡುವುದಿಲ್ಲ. ಕರುಳಿನಲ್ಲಿಯೇ ಉಳಿದು ತನ್ನ ಸುತ್ತ ನೀರನ್ನು ಹಿಡಿದಿಡುತ್ತದೆ. ಗಾಢ ದ್ರಾವಣವಾಗಿದ್ದರೆ ದೇಹದ ನೀರನ್ನೂ ಕರುಳಿಗೆ ಸೆಳೆಯುತ್ತದೆ. ತೆಳು ದ್ರಾವಣದ ಕಡೆಯಿಂದ ಗಾಢ ದ್ರಾವಣದ ಕಡೆಗೆ ನೀರು ಪೊರೆಯ ಮೂಲಕ ಸಾಗುವ ಈ ಕ್ರಿಯೆಗೆ ಅಭಿಸರಣೆ ಎಂದು ಹೆಸರು. ಇದರಿಂದ ಮಲ ಮೃದುವಾಗಿ ಭೇದಿಯಾಗುತ್ತದೆ.

ಹೊಲದಲ್ಲಿ ನಡೆಯುವುದೂ ಇದೇ ಕ್ರಿಯೆ. ಮಣ್ಣಿನ ನೀರಿನಲ್ಲಿ ಲವಣ ಹೆಚ್ಚಾದರೆ ಬೇರು ನೀರನ್ನು ಎಳೆದುಕೊಳ್ಳಲಾರದು. ನೆಲ ಒದ್ದೆಯಿದ್ದರೂ ಪೈರು ಬಾಡುತ್ತದೆ, ಎಲೆಯ ತುದಿ ಸುಟ್ಟಂತಾಗುತ್ತದೆ, ಕಾಳು ಜೊಳ್ಳಾಗುತ್ತದೆ.

ನೀರಾವರಿ ಮತ್ತು ಸವಳು ಸಮಸ್ಯೆ

ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಆರಂಭವಾಗಿ 1953ರಲ್ಲಿ ಕಾಲುವೆಗೆ ನೀರು ಬಿಡುವ ಹಂತಕ್ಕೆ ಬಂದಿತು. ಕೊಪ್ಪಳ ತಾಲ್ಲೂಕಿನ ಮುನಿರಾಬಾದಿನಿಂದ ಹೊರಡುವ ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿ ಮತ್ತು ರಾಯಚೂರು ಕಡೆಗೆ ಹರಿಯುತ್ತದೆ. ಯೋಜನೆಯ ಮೂಲ ಉದ್ದೇಶ ಬರಪೀಡಿತ ಪ್ರದೇಶದ ವಿಶಾಲ ಭೂಮಿಗೆ ಸ್ವಲ್ಪ ಸ್ವಲ್ಪ ನೀರು ಹಂಚಿ ಜೋಳ, ಹತ್ತಿ, ಶೇಂಗಾಗಳಂಥ ಬೆಳೆಗಳನ್ನು ಉಳಿಸುವುದಾಗಿತ್ತು. ಕಾಲುವೆಯ ಮೇಲ್ಭಾಗದಲ್ಲಿ ಕ್ರಮೇಣ ಭತ್ತವೇ ಮುಖ್ಯ ಬೆಳೆಯಾಯಿತು. ಗಂಗಾವತಿ ‘ಭತ್ತದ ಕಣಜ’ ಎಂಬ ಹೆಸರು ಪಡೆಯಿತು. ಕಾಲುವೆಯ ಕೊನೆಯ ಭಾಗದ ರೈತರಿಗೆ ನೀರು ಸಾಲದಾಯಿತು; ಮೇಲ್ಭಾಗದ ತಗ್ಗು ಹೊಲಗಳಲ್ಲಿ ನೀರು ಹೆಚ್ಚಾಗಿ ನಿಂತಿತು.

ಎರೆಮಣ್ಣಿನಲ್ಲಿ ವರ್ಷಕ್ಕೆ ಎರಡು ಬಾರಿ ಭತ್ತ ಬೆಳೆದಾಗ ಅಂತರ್ಜಲ ಮೇಲೇರಿ, ಆಳದಲ್ಲಿದ್ದ ಲವಣವೂ ಅದರೊಡನೆ ಮೇಲೆ ಬಂದಿತು. ಕಾಲುವೆಯ ನೀರು ಸಿಹಿಯಾಗಿದ್ದರೂ ಅದರಲ್ಲಿಯೂ ಅಲ್ಪಸ್ವಲ್ಪ ಲವಣ ಇದ್ದೇ ಇರುತ್ತದೆ. ಉದಾಹರಣೆಗೆ ಒಂದು ಲೀಟರ್ ನೀರಿನಲ್ಲಿ 0.3 ಗ್ರಾಂ ಲವಣವಿದೆ ಎಂದಿಟ್ಟುಕೊಂಡರೆ, ಒಂದು ಭತ್ತದ ಬೆಳೆಗೆ 1,200 ಮಿಲಿಮೀಟರ್ ನೀರು ಕೊಟ್ಟಾಗ ಒಂದು ಹೆಕ್ಟೇರ್‌ಗೆ 3,600 ಕಿಲೋಗ್ರಾಂ ಲವಣ ಬಂದು ಸೇರುತ್ತದೆ. ನೀರು ಬಸಿದು ಹೋಗಲು ದಾರಿಯಿದ್ದರೆ ಅದು ಹೊರಹೋಗುತ್ತದೆ. ಇಲ್ಲದಿದ್ದರೆ ಅಲ್ಲಿಯೇ ಉಳಿಯುತ್ತದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಹತ್ತಾರು ಸಾವಿರ ಹೆಕ್ಟೇರ್ ಭೂಮಿ ಸವಳು-ಜವಳಿಗೆ ತುತ್ತಾಗಿದೆ.

ಮಣ್ಣಿನ ಲವಣವನ್ನು ಅದರ ದ್ರಾವಣದ ವಿದ್ಯುದ್ವಾಹಕತೆಯಿಂದ ಅಳೆಯಲಾಗುತ್ತದೆ. ಇದು ಮೀಟರ್‌ಗೆ 4 ಡೆಸಿಸೀಮನ್ಸ್ ದಾಟಿದರೆ ಅಂಥ ಮಣ್ಣು ಸವಳು ಎನಿಸುತ್ತದೆ. ವಿನಿಮಯ ಸೋಡಿಯಂ ಪ್ರಮಾಣ ಶೇಕಡಾ 15ನ್ನೂ ಪಿಎಚ್ 8.5ನ್ನೂ ಮೀರಿದರೆ ಅದು ಕ್ಷಾರ ಮಣ್ಣು. ಇಳುವರಿ ಕುಗ್ಗತೊಡಗುವ ಮಿತಿ ಭತ್ತಕ್ಕೆ ಸುಮಾರು 3, ಜೋಳಕ್ಕೆ 6.8, ಹತ್ತಿಗೆ 7.7 ಡೆಸಿಸೀಮನ್ಸ್. ನೀರು ನಿಲ್ಲಿಸುವುದರಿಂದ ಲವಣ ತೆಳುವಾಗುವ ಕಾರಣ ಸವಳು ಹೊಲದಲ್ಲಿಯೂ ಭತ್ತ ಸ್ವಲ್ಪ ಕಾಲ ಬೆಳೆಯುತ್ತದೆ. ಆದರೆ ಹಾಗೆ ನಿಲ್ಲಿಸಿದ ನೀರೇ ಅಂತರ್ಜಲವನ್ನು ಮತ್ತಷ್ಟು ಮೇಲೇರಿಸುತ್ತದೆ.

ಮಳೆಯಾಶ್ರಿತ ಬೇಸಾಯವೇ ಹೆಚ್ಚಾಗಿರುವ ಕುಷ್ಟಗಿ ಮತ್ತು ಯಲಬುರ್ಗಾಗಳಲ್ಲಿ ಸಮಸ್ಯೆಯ ಸ್ವರೂಪ ಬೇರೆ. ಅಲ್ಲಿ ಹೊಲಕ್ಕಿಂತ ಹೆಚ್ಚಾಗಿ ಕೊಳವೆಬಾವಿಯ ನೀರಿನಲ್ಲಿ ಲವಣ ಕಾಣಿಸುತ್ತದೆ. ಜಿಲ್ಲೆಯ ಹಲವು ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಪ್ರಮಾಣವೂ ಮಿತಿಮೀರಿದೆ.

ಸುಧಾರಣೆಯ ಕ್ರಮಗಳು

ಗಂಗಾವತಿಯಲ್ಲಿರುವ ಕೃಷಿ ಸಂಶೋಧನಾ ಕೇಂದ್ರ ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಲವಣಪೀಡಿತ ಮಣ್ಣುಗಳ ನಿರ್ವಹಣೆಯ ಅಖಿಲ ಭಾರತ ಸಂಶೋಧನಾ ಯೋಜನೆಯ ಒಂದು ಕೇಂದ್ರ ಇಲ್ಲಿದೆ. ಈ ಯೋಜನೆಯ ಸಮನ್ವಯವನ್ನು ಹರಿಯಾಣದ ಕರ್ನಾಲ್‌ನಲ್ಲಿ 1969ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆ ನೋಡಿಕೊಳ್ಳುತ್ತದೆ.

ಸವಳು ಭೂಮಿಯನ್ನು ಸರಿಪಡಿಸುವ ಮೊದಲ ಹೆಜ್ಜೆ ಬಸಿಗಾಲುವೆ. ಹೊಲದ ಅಂಚಿನಲ್ಲಿ ತೆರೆದ ಕಾಲುವೆ ತೋಡುವುದು ಹಳೆಯ ಕ್ರಮ. ರಂಧ್ರಗಳುಳ್ಳ ಪ್ಲಾಸ್ಟಿಕ್ ಕೊಳವೆಗಳನ್ನು ಸೋಸುಬಟ್ಟೆ ಸುತ್ತಿ ನೆಲದಡಿ ಹೂತು, ಬಸಿದ ನೀರನ್ನು ಹಳ್ಳಕ್ಕೆ ಬಿಡುವುದು ಹೊಸ ಕ್ರಮ. ಬಸಿಯಲು ದಾರಿ ಮಾಡಿದ ಮೇಲೆ ಹೊಲಕ್ಕೆ ಒಳ್ಳೆಯ ನೀರು ನಿಲ್ಲಿಸಿ ಲವಣವನ್ನು ಕೆಳಗೆ ತೊಳೆಯಲಾಗುತ್ತದೆ.

ಕ್ಷಾರ ಮಣ್ಣಿಗೆ ಜಿಪ್ಸಂ ಹಾಕಬೇಕಾಗುತ್ತದೆ. ಜಿಪ್ಸಂನ ಕ್ಯಾಲ್ಸಿಯಂ ಜೇಡಿಕಣಗಳಿಗೆ ಅಂಟಿದ ಸೋಡಿಯಂ ಅನ್ನು ಬಿಡಿಸಿ ಆ ಜಾಗದಲ್ಲಿ ಕೂರುತ್ತದೆ. ಬಿಡುಗಡೆಯಾದ ಸೋಡಿಯಂ ಜಿಪ್ಸಂನ ಸಲ್ಫೇಟ್ ಜೊತೆ ಸೇರಿ ಸೋಡಿಯಂ ಸಲ್ಫೇಟ್, ಅಂದರೆ ಗ್ಲೌಬರ್ ಲವಣವೇ ಉಂಟಾಗುತ್ತದೆ. ಇದು ನೀರಿನಲ್ಲಿ ಸುಲಭವಾಗಿ ಕರಗುವುದರಿಂದ ತೊಳೆದು ಹೊರಹಾಕಬಹುದು. ಬಸಿಗಾಲುವೆ ಇಲ್ಲದೆ ಜಿಪ್ಸಂ ಹಾಕಿದರೆ ಈ ಲವಣ ಹೊಲದಲ್ಲಿಯೇ ಉಳಿದು ಸವಳು ಹೆಚ್ಚುತ್ತದೆ. ಆದ್ದರಿಂದ ಮಣ್ಣುಪರೀಕ್ಷೆಯಿಲ್ಲದೆ, ನೀರು ಹೊರಹೋಗುವ ವ್ಯವಸ್ಥೆಯಿಲ್ಲದೆ ಜಿಪ್ಸಂ ಬಳಸುವುದು ವ್ಯರ್ಥ.

ಡೈಂಚಾದಂಥ ಹಸಿರೆಲೆ ಗೊಬ್ಬರ, ಕೊಟ್ಟಿಗೆ ಗೊಬ್ಬರ, ಹೊಲವನ್ನು ಸಮತಟ್ಟು ಮಾಡುವುದು, ಲವಣ ಸಹಿಸುವ ತಳಿಗಳು ಮತ್ತು ಭತ್ತದ ಬದಲು ಕಡಿಮೆ ನೀರಿನ ಬೆಳೆಗಳು ಇತರ ಮುಖ್ಯ ಕ್ರಮಗಳು. ಬಸಿಗಾಲುವೆ ಒಬ್ಬ ರೈತನ ಹೊಲದಲ್ಲಿ ಮುಗಿಯುವ ಕೆಲಸವಲ್ಲ. ಮೇಲಿನ ಹೊಲದ ನೀರು ಕೆಳಗಿನ ಹೊಲದ ಮೂಲಕವೇ ಹಳ್ಳ ಸೇರಬೇಕಾಗಿರುವುದರಿಂದ ಅಕ್ಕಪಕ್ಕದ ರೈತರ ಒಪ್ಪಿಗೆ ಅಗತ್ಯ.

ಎಚ್ಚರಿಕೆ

ಹೊಲದಲ್ಲಿ ಮೂಡುವ ಬಿಳಿಯ ಪದರವನ್ನು ಅಡುಗೆಗಾಗಲಿ ಔಷಧಕ್ಕಾಗಲಿ ನೇರವಾಗಿ ಬಳಸಬಾರದು. ಅದರಲ್ಲಿ ನೈಟ್ರೇಟ್, ಫ್ಲೋರೈಡ್ ಹಾಗೂ ಗೊಬ್ಬರ-ಕೀಟನಾಶಕಗಳ ಅಂಶ ಇರಬಹುದು. ಮಣ್ಣುಪ್ಪಿಗೆ ಅಯೋಡಿನ್ ಸೇರಿಸಿರುವುದಿಲ್ಲ. ಶುದ್ಧ ಗ್ಲೌಬರ್ ಲವಣವೂ ಹೆಚ್ಚಾದರೆ ದೇಹದ ನೀರು ಮತ್ತು ಲವಣಗಳ ಸಮತೋಲ ಕೆಡಿಸುತ್ತದೆ. ಗರ್ಭಿಣಿಯರು, ಮಕ್ಕಳು, ವೃದ್ಧರು ಮತ್ತು ಮೂತ್ರಪಿಂಡ, ಹೃದಯ, ರಕ್ತದೊತ್ತಡಗಳ ತೊಂದರೆಯುಳ್ಳವರು ವೈದ್ಯರ ಸಲಹೆಯಿಲ್ಲದೆ ಇದನ್ನು ಸೇವಿಸಬಾರದು. ತೀವ್ರ ಹೊಟ್ಟೆನೋವು ಇದ್ದಾಗ ಯಾವುದೇ ಭೇದಿ ಔಷಧ ಅಪಾಯಕಾರಿ.

ಇವನ್ನೂ ನೋಡಿ

ಉಪ್ಪಾರ
ತುಂಗಭದ್ರಾ ಅಣೆಕಟ್ಟು
ಕೊಪ್ಪಳ ಜಿಲ್ಲೆ
ಉಪ್ಪಿನ ಸತ್ಯಾಗ್ರಹ
ಸೈಂಧವ ಲವಣ
ಜಿಪ್ಸಂ